ಮೋರಿ ದಾಟುವ ಬಾಯಿಮಾತು

ಗೋಡೆಯಷ್ಟು ದೊಡ್ಡದಾಗಿ ಅಮ್ಮನ ಮುಖ ಕಂಡಾಗ ನನ್ನ ಕೈಯಲ್ಲಿ ನಿಂಬೆ ಶರಬತ್ತಿನ ಲೋಟವಿತ್ತು. ಕೆಳಗಿಡೋಣವೆಂದು ಸುತ್ತ ನೋಡಿದೆ. ಯಾವುದು ಮೇಜು, ಯಾವುದು ಕಲಾಕೃತಿ ಎಂದು ತಿಳಿಯದೆ ಹಿಡಿದುಕೊಂಡೇ ನಿಂತೆ. ಅಮ್ಮನ ಹಣೆ ಬಾಗಿಲಿಗಿಂತ ಎತ್ತರದಲ್ಲಿತ್ತು. ಮೂಗುತಿ ನನ್ನ ಅಂಗೈಯಷ್ಟಿತ್ತು. ತುಟಿಗಳು ಅಲುಗುತ್ತಿದ್ದವು, ಆದರೆ ಸದ್ದಿರಲಿಲ್ಲ.

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ತನ್ನ ಗೆಳತಿಗೆ, "ಧ್ಯಾನ ಮಾಡ್ದಂಗಿದೆ ಅಲ್ವಾ? ಎಷ್ಟು ಪೀಸ್‌ಫುಲ್," ಎಂದಳು.

ಅಮ್ಮ ಆಗ ಹೇಳುತ್ತಿದ್ದದ್ದು ಇದು: "ಬೆಳಿಗ್ಗೆಯಿಂದ ನಲ್ಲೀಲಿ ಒಂದು ತೊಟ್ಟು ನೀರಿಲ್ಲ. ನೀರು ಬಿಡೋನು ಹಾಳಾಗ್ಹೋಗ."

ಆ ಕೋಣೆಯಲ್ಲಿ ಅದು ಗೊತ್ತಾದದ್ದು ನನ್ನೊಬ್ಬಳಿಗೆ. ಹೇಗೆಂದು ಹೇಳಬೇಕಾದರೆ ನಮ್ಮ ಗಲ್ಲಿಯ ವಿಷಯ ಸ್ವಲ್ಪ ಹೇಳಬೇಕು.

ಮೈಸೂರು ರಸ್ತೆ ಬಿಟ್ಟು ಬಿನ್ನಿಪೇಟೆಯ ಕಡೆಗೆ ಬರುವಾಗ ವೃಷಭಾವತಿಗೆ ಅಂಟಿಕೊಂಡಂತೆ ಇರುವ ಗಲ್ಲಿ ನಮ್ಮದು. ನಾವು ಅದನ್ನು ನದಿ ಎಂದವರಲ್ಲ. ಮೋರಿ. ಮೋರಿ ಈಚೆ ನಾವು, ಮೋರಿ ಆಚೆ ಅವರು. ಜ್ಞಾನಭಾರತಿಯಲ್ಲಿ ಭೂಗೋಳ ಎಂ.ಎ. ಓದುವಾಗ ನಕಾಶೆಯಲ್ಲಿ ಅದಕ್ಕೆ ನೀಲಿ ಗೆರೆ ಎಳೆದಿರುವುದನ್ನು ನೋಡಿ ಬಂದು, ಇದು ಹೊಳೆ ಕಣಮ್ಮಾ, ಹೋಗಿ ಹೋಗಿ ಕಾವೇರಿ ಸೇರುತ್ತೆ ಎಂದು ಅಮ್ಮನಿಗೆ ಹೇಳಿದ್ದೆ. ಅಮ್ಮ, "ಪಾಪ, ಕಾವೇರಿ," ಎಂದಿದ್ದಳು.

ದಂಡೆಯ ಉದ್ದಕ್ಕೂ ಪವರ್‌ಲೂಮ್ ಶೆಡ್ಡುಗಳಿದ್ದವು. ಬಣ್ಣ ಹಾಕುವವರ ತೊಟ್ಟಿಗಳಿದ್ದವು, ತಗಡಿನ ಡಬ್ಬ ಮಾಡುವ ಕಾರ್ಖಾನೆಯೊಂದಿತ್ತು. ಮೋರಿಯ ನೀರು ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿದ್ದದ್ದು ನನಗೆ ನೆನಪಿದೆ. ಕೆಂಪು ಹರಿದ ದಿನ ಯಾರದೋ ಮದುವೆ ಸೀರೆಗಳು ಎಂದು ಲೆಕ್ಕ ಹಾಕುತ್ತಿದ್ದೆವು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಂತವು. ಶೆಡ್ಡುಗಳಿಗೆ ಬೀಗ ಬಿತ್ತು. ಆಮೇಲೆ ಬೀಗ ತೆಗೆದವರು ಬೇರೆ ಥರದವರು. ಒಂದು ಶೆಡ್ಡಿನಲ್ಲಿ ಮಡಕೆ ಮಾಡುವುದನ್ನು ಕಲಿಸುತ್ತಾರೆ, ಇನ್ನೊಂದರಲ್ಲಿ ನಾಟಕದ ತಾಲೀಮು, ತಗಡಿನ ಕಾರ್ಖಾನೆಯಲ್ಲಿ ಕಾಫಿ. ತುಕ್ಕು ಹಿಡಿದ ಮಗ್ಗವೊಂದನ್ನು ಕಾಫಿ ಅಂಗಡಿಯ ಮಧ್ಯೆ ಇಟ್ಟು ಮೇಲೊಂದು ದೀಪ ಇಳಿಬಿಟ್ಟಿದ್ದಾರೆ. ಮೋರಿಯ ತಡೆಗೋಡೆಯ ಮೇಲೆ ನೀಲಿ ಮೀನುಗಳ ಚಿತ್ರ ಬರೆದಿದ್ದಾರೆ. ಅವರೆಲ್ಲ ಅದನ್ನು ನದಿ ಎನ್ನುತ್ತಾರೆ. ಅತ್ತಿಗುಪ್ಪೆ ಮೆಟ್ರೋದಿಂದ ಆಟೋ ಹತ್ತಿದರೆ ಡ್ರೈವರ್, "ಆರ್ಟ್ ಏರಿಯಾನಾ ಮೇಡಂ?" ಎಂದು ಕೇಳುತ್ತಾನೆ. ಹೌದು ಎನ್ನಲು ನನಗೆ ಇನ್ನೂ ಒಂದು ಕ್ಷಣ ಬೇಕಾಗುತ್ತದೆ.

ಅಮ್ಮ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಅಲ್ಲಿಯ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಶೆಡ್ಡಿನವರು ದನಿಯನ್ನೇ ಬಿಟ್ಟು ಬರೀ ಬಾಯಿ ಆಡಿಸಿ ಮಾತಾಡುತ್ತಿದ್ದರು. ಎದುರಿನವರು ತುಟಿ ನೋಡಿ ಓದಿಕೊಳ್ಳುತ್ತಿದ್ದರು. ಅದಕ್ಕೆ ನಮ್ಮ ಗಲ್ಲಿಯಲ್ಲಿ ಬಾಯಿಮಾತು ಎಂದು ಹೆಸರು. ಬೇರೆ ಕಡೆ ಬಾಯಿಮಾತು ಎಂದರೆ ಬರೆದುಕೊಡದ ಮಾತು, ಉಪಚಾರಕ್ಕೆ ಆಡಿದ ಮಾತು. ನಮಗೆ ಅದು ಬಾಯಿಯದೇ ಮಾತು. ಗಂಟಲಿಗೆ ಅಲ್ಲಿ ಕೆಲಸವಿಲ್ಲ. ಅದರಲ್ಲಿ ಒಂದು ತೊಡಕಿದೆ. ತುಟಿಗೆ ಅಪ್ಪ, ಅಮ್ಮ, ಹಬ್ಬ ಮೂರೂ ಒಂದೇ. ಆದ್ದರಿಂದ ಕೈಯೂ ಜೊತೆಗೆ ಮಾತಾಡಬೇಕು. ಅಪ್ಪ ಎನ್ನುವಾಗ ಇಲ್ಲದ ಮೀಸೆ ತೀಡಬೇಕು, ಅಮ್ಮ ಎನ್ನುವಾಗ ಮೂಗುತಿ ಮುಟ್ಟಬೇಕು. ಹಬ್ಬಕ್ಕೆ ಏನೂ ಬೇಡ, ಹೇಳುವವರ ಮುಖದಲ್ಲೇ ತಿಳಿಯುತ್ತದೆ. ಇನ್ನೊಂದು ವಿಶೇಷ, ಬಾಯಿಮಾತಿನಲ್ಲಿ ಬಹುವಚನವಿಲ್ಲ. 'ಬನ್ನಿ, ಕೂತ್ಕೊಳ್ಳಿ' ಎಂದು ಎಳೆಯಲು ಯಾರಿಗೂ ಪುರಸೊತ್ತಿರಲಿಲ್ಲ. ಶೆಡ್ಡಿನ ಮಾಲೀಕನಿಗೂ 'ಬಾ, ಹೋಗು' ಎನ್ನುತ್ತಿದ್ದರು. ಆ ಕೆಲಸದಲ್ಲಿ ಅಮ್ಮನಿಗೆ ತುಂಬ ಇಷ್ಟವಾಗಿದ್ದದ್ದು ಅದೇ ಇರಬೇಕು.

ಶಾಲೆ ಬಿಟ್ಟ ಮೇಲೆ ಶೆಡ್ಡಿನ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಾ ನಾನೂ ಅದನ್ನು ಕಲಿತೆ. ಮಗ್ಗ ನಿಂತ ಮೇಲೆ ನನ್ನ ಜೊತೆ ಅಮ್ಮ ಗಂಟಲಿನಲ್ಲೇ ಮಾತಾಡುತ್ತಾಳೆ, ಅದೂ ಜೋರಾಗಿ. ಆದರೆ ಗಲ್ಲಿಯ ಹಳಬರು ಟೆರೇಸಿನಿಂದ ಟೆರೇಸಿಗೆ, ಮೋರಿಯ ಈ ದಂಡೆಯಿಂದ ಆ ದಂಡೆಗೆ, ಇವತ್ತಿಗೂ ಬಾಯಿಮಾತಿನಲ್ಲೇ ಸುದ್ದಿ ದಾಟಿಸುತ್ತಾರೆ. ನಾನು ಬೆಳಿಗ್ಗೆ ರಾಜಾಜಿನಗರದ ಆಫೀಸಿಗೆ ಹೋಗಿ, ನಕಾಶೆಗಳನ್ನು ತಿದ್ದಿ, ಸಂಜೆ ಬರುವವಳು. ಟೆರೇಸಿಗೆ ಹೋಗುವುದು ಕಡಿಮೆ.

ಇನ್ನೊಂದು ವಿಷಯವೂ ಇಲ್ಲಿ ಬೇಕು. ನಮ್ಮ ಸಾಲಿನ ಮನೆಗಳಿಗೆಲ್ಲ ನಡುಗೋಡೆ ಒಂದೇ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ನಮ್ಮ ಶೆಲ್ಫಿನ ಲೋಟ ನಡುಗುತ್ತದೆ. ಆರ್ಟ್ ಏರಿಯಾ ಆದಮೇಲೆ ಇಡೀ ಸಾಲನ್ನು ಕೊಳ್ಳುತ್ತೇವೆಂದು ಜನ ಬರತೊಡಗಿದರು. ಒಬ್ಬರು ಮಾರಿದರೆ ಅವರ ಮನೆ ಕೆಡವುವಾಗ ಪಕ್ಕದವರ ಗೋಡೆಯೂ ಉಳಿಯುವುದಿಲ್ಲ. ಅಮ್ಮನೇ ಎಲ್ಲ ಮನೆಯ ಹೆಂಗಸರನ್ನು ನಮ್ಮ ಜಗಲಿಯಲ್ಲಿ ಕೂರಿಸಿ, ಯಾರೂ ಮಾರುವುದಿಲ್ಲ ಎಂದು ಒಪ್ಪಿಸಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯನ್ನು ಒಬ್ಬಳೇ ಉಳಿಸಿಕೊಂಡವಳ ಮಾತು ಎಂದು ಎಲ್ಲರೂ ತಲೆಯಾಡಿಸಿದ್ದರು. ಬಾಯಿಮಾತಿನ ಒಪ್ಪಂದ, ಎರಡೂ ಅರ್ಥದಲ್ಲಿ.

ಈಗ ಗೋಡೆಯ ಮೇಲಿನ ಮುಖಕ್ಕೆ ಬರುತ್ತೇನೆ.

ಅಮ್ಮ ಕೆಲಸ ಮಾಡಿದ ಶೆಡ್ಡನ್ನೇ ಬಾಡಿಗೆಗೆ ಹಿಡಿದಿದ್ದ ಕಲಾವಿದ ಬಸವೇಶ್ವರನಗರದ ಹುಡುಗ, ನನ್ನದೇ ವಯಸ್ಸಿರಬಹುದು. ಎದುರಿಗೆ ಸಿಕ್ಕರೆ ನಗುತ್ತಾನೆ. ತಿಂಗಳುಗಳ ಹಿಂದೆ ಅಮ್ಮನ ಹತ್ತಿರ, "ಆಂಟಿ, ನದಿ ಮೇಲೆ ಒಂದು ವಿಡಿಯೋ ಮಾಡ್ತಾ ಇದೀನಿ. ನಿಮ್ಮ ಟೆರೇಸೂ ಬರುತ್ತೆ, ಪರವಾಗಿಲ್ವಾ?" ಎಂದು ಕೇಳಿದ್ದನಂತೆ. ಅಮ್ಮ, "ಮೋರಿ ತಾನೇಪ್ಪಾ, ಎಷ್ಟು ಬೇಕಾದ್ರೂ ತಗೋ," ಎಂದಿದ್ದಳು. ಈಗ ಅದರ ಪ್ರದರ್ಶನ. ಅವತ್ತು ಶುಕ್ರವಾರ ಸಂಜೆ ಅವನ ಪರಿಚಯದವರಿಗೆ. ಭಾನುವಾರ ಗಲ್ಲಿಯವರಿಗೆಲ್ಲ ಕಾಫಿ ತಿಂಡಿಯ ಜೊತೆ. ಆಫೀಸಿನಿಂದ ಬರುತ್ತಿದ್ದ ನನ್ನನ್ನು ನೋಡಿ, "ಬನ್ನಿ ಮೇಡಂ, ನಿಮಗೊಂದು ಸರ್ಪ್ರೈಸ್ ಇದೆ," ಎಂದು ಕರೆದಿದ್ದ.

ಒಳಗೆ ಎದುರುಬದುರು ಎರಡು ಗೋಡೆಗಳ ಮೇಲೆ ಎರಡು ವಿಡಿಯೋ. ಒಂದರಲ್ಲಿ ಅಮ್ಮ. ಇನ್ನೊಂದರಲ್ಲಿ ಮೋರಿಯಾಚೆಯ ಟೆರೇಸಿನಲ್ಲಿ ಮೇಸ್ತ್ರಿ. ಮಗ್ಗ ಕೆಟ್ಟರೆ ರಿಪೇರಿ ಮಾಡುತ್ತಿದ್ದವರು ಅವರು. ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ನಡುವಿನ ನೆಲದ ಮೇಲೆ ಮೋರಿ ನೀರಿನ ಚಿತ್ರ ಬೆಳಕಾಗಿ ಹರಿಯುತ್ತಿತ್ತು. ನೋಡುವವರು ಆ ನೀರಿನಲ್ಲಿ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಬೇಕು. ನಾನೂ ತಿರುಗಿದೆ.

ನೀರಿನವನಿಗೆ ಬೈದು ಮುಗಿಸಿದ ಮೇಲೆ ಅಮ್ಮನ ಮುಖ ಮೆತ್ತಗಾಯಿತು. ಅವಳು ಹೇಳಿದಳು: "ಮನೆ ಮಾರೋಣ."

ನಾನು ತಪ್ಪು ಓದಿಕೊಂಡೆ ಎಂದುಕೊಂಡೆ. ಎದುರಿನ ಗೋಡೆಗೆ ತಿರುಗಿದೆ. ಮೇಸ್ತ್ರಿ ಕೇಳಿದರು: "ಮಗಳಿಗೆ ಹೇಳಿದ್ಯಾ?"

ಅಮ್ಮ: "ಇಲ್ಲ. ಹೇಗೆ ಹೇಳ್ಲಿ?"

ಮೇಸ್ತ್ರಿ: "ಅವಳು ಏನು ಮಾಡ್ತಾಳೆ ಆಮೇಲೆ?"

ಅಮ್ಮ: "ಓದಿದಾಳೆ. ಸಂಬಳ ಬರುತ್ತೆ. ಅವಳನ್ನ ಅವಳು ನೋಡ್ಕೋತಾಳೆ. ದೀಪಾವಳಿ ಕಳೀಲಿ."

ಆಮೇಲೆ ವಿಡಿಯೋ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ನಲ್ಲಿ, ಮತ್ತೆ ನೀರಿನವನು, ಮತ್ತೆ ಮೆತ್ತಗಾದ ಮುಖ, ಮತ್ತೆ ಅದೇ ಮಾತು. ಜನ ಶರಬತ್ತು ಕುಡಿಯುತ್ತಾ ನಮ್ಮ ಅಮ್ಮ ನಮ್ಮ ಮನೆ ಮಾರುವುದನ್ನು ಮೆಚ್ಚಿಕೊಂಡು ನೋಡುತ್ತಿದ್ದರು. ನನಗೆ ಮೈ ತಣ್ಣಗಾಯಿತು. ಇಡೀ ಸಾಲನ್ನು ಒಪ್ಪಿಸಿದವಳು ಇವಳೇ. ಮೇಸ್ತ್ರಿ ಬ್ರೋಕರ್ ಕೆಲಸ ಶುರು ಮಾಡಿದ್ದು ಯಾವಾಗ? ಭಾನುವಾರ ಗಲ್ಲಿಯವರೆಲ್ಲ ಬಂದು ಇದೇ ನೀರಿನ ಮೇಲೆ ನಿಲ್ಲುತ್ತಾರೆ. ಅವರಲ್ಲಿ ಬಾಯಿಮಾತು ಬಾರದವರು ಯಾರೂ ಇಲ್ಲ.

ನಾನು ಕಲಾವಿದನನ್ನು ಹುಡುಕಿ ಹಿಡಿದೆ. "ಭಾನುವಾರದ ಒಳಗೆ ಇದನ್ನ ತೆಗೆದುಬಿಡಿ," ಎಂದೆ.

ಅವನ ಮುಖ ಬಿದ್ದುಹೋಯಿತು. "ಯಾಕೆ ಮೇಡಂ? ಚೆನ್ನಾಗಿಲ್ವಾ?"

"ಚೆನ್ನಾಗಿದೆ. ತೆಗೀರಿ."

"ಆಂಟಿ ಪರ್ಮಿಷನ್ ಕೊಟ್ಟಿದ್ರು. ಇಬ್ರೂ ದಿನಾ ಎದುರುಬದುರು ನಿಂತು ಹೀಗೆ ಮುಖದ ವ್ಯಾಯಾಮ ಮಾಡ್ತಿದ್ರಲ್ಲಾ, ನಂಗೆ ತುಂಬಾ ಇಷ್ಟ ಆಯ್ತು. ಮೌನ ಅಂತ ಹೆಸರಿಟ್ಟಿದೀನಿ."

"ವ್ಯಾಯಾಮ ಅಲ್ಲ. ಮಾತು."

ಹೇಳಬಾರದಿತ್ತು. ಅವನ ಕಣ್ಣು ಅರಳಿತು. "ಮಾತಾ? ನಿಮಗೆ ಅರ್ಥ ಆಗುತ್ತಾ? ಏನಂತಾರೆ? ಮೇಡಂ, ಪ್ಲೀಸ್, ನೀವು ಕೂತ್ಕೊಂಡು ಬರೆದುಕೊಟ್ರೆ ಕೆಳಗೆ ಅಕ್ಷರದಲ್ಲಿ ಹಾಕ್ತೀನಿ!"

"ನೀರು ಬಂದಿಲ್ಲ ಅಂತಾರೆ," ಎಂದು ಹೇಳಿ ಅವನ ಕೈಗೆ ಲೋಟ ಕೊಟ್ಟು ಹೊರಗೆ ಬಂದೆ.

ಅಮ್ಮ ಹಾಲಿನಲ್ಲಿ ಚಾಪೆಯ ಮೇಲೆ ಕೂತು ಯಾರದೋ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಮಗ್ಗ ನಿಂತ ಮೇಲೆ ಅವಳ ಕೆಲಸ ಅದು. ತಲೆ ಎತ್ತದೆ ಕೇಳಿದಳು. "ಶೆಡ್ಡಿಗೆ ಹೋಗಿದ್ಯಂತೆ. ಏನು ತೋರ್ಸಿದ್ರು?"

"ನಿನ್ನ."

"ನನ್ನಾ?"

"ಗೋಡೆ ಮೇಲೆ ಹಾಕಿದಾರೆ. ಮೋರಿ ವಿಡಿಯೋ ಅಂತ ಅವನು ತೆಗೆದಿದ್ದು ನಿನ್ನನ್ನ. ಟೆರೇಸ್ ಮೇಲೆ ಮೇಸ್ತ್ರಿ ಜೊತೆ ಮಾತಾಡ್ತಿರೋದು."

ಸೂಜಿ ನಿಂತಿತು. ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನನ್ನು. "ನೈಟಿಲಿದೀನಾ?"

"ಅಮ್ಮಾ."

"ಹೇಳೇ. ನೈಟಿಲೋ, ಸೀರೇಲೋ?"

"ಬರೀ ಮುಖ. ನೈಟಿ ಕತ್ತು ಕಾಣುತ್ತೆ."

"ಯಾವುದು, ಹಸಿರುದಾ? ಅಯ್ಯೋ, ಅದರ ಕಂಕುಳು ಹರಿದಿದೆ. ಮೈಮೇಲೆ ಒದ್ದೆ ಟವೆಲ್ ಬೇರೆ. ಸದ್ಯ, ಮುಖ ಅಂದ್ಯಲ್ಲ."

"ಮನೆ ಮಾರ್ತೀಯಂತಲ್ಲ," ಎಂದೆ. ನನ್ನ ದನಿ ಇಷ್ಟು ಸಣ್ಣದಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಯಾರಂದಿದ್ದು?"

"ನೀನೇ. ಬಾಗಿಲಿಗಿಂತ ದೊಡ್ಡ ಮುಖ ಇಟ್ಕೊಂಡು. ಮಗಳಿಗೆ ಹೇಳಿಲ್ಲ, ದೀಪಾವಳಿ ಕಳೀಲಿ, ಅವಳನ್ನ ಅವಳು ನೋಡ್ಕೋತಾಳೆ, ಎಲ್ಲಾ ಅಂದೆ."

ಅಮ್ಮ ಕಣ್ಣು ಕಿರಿದು ಮಾಡಿ ನೆನಪು ಮಾಡಿಕೊಂಡಳು. ತುಟಿ ಮಾತ್ರ ಆಡಿಸುತ್ತಾ ಆ ದಿನದ ಮಾತನ್ನು ಮೊದಲಿನಿಂದ ಆಡಿಕೊಂಡು ಬಂದಳು, ಹಾಡು ಮರೆತವರು ಮೊದಲ ಸಾಲಿನಿಂದ ಹಿಡಿಯುವಂತೆ. ಆ ಮಾತಿಗೆ ಬಂದಾಗ ಅವಳ ಬಲಗೈ ತಾನೇ ಮುಷ್ಟಿಯಾಗಿ ಎದೆಯ ಹತ್ತಿರ ಬಂತು. ಅವಳು ಆ ಕೈಯನ್ನು ನೋಡಿಕೊಂಡಳು. ನಾನೂ ನೋಡಿದೆ.

"ಮಾರೋದಲ್ಲ ಕಣೇ," ಎಂದಳು. "ಮಾಡೋದು."

ತುಟಿಗೆ ಮಾರು, ಮಾಡು ಎರಡೂ ಒಂದೇ. ವ್ಯತ್ಯಾಸವಿರುವುದು ಒಳಗೆ, ನಾಲಿಗೆಯಲ್ಲಿ. ಅದು ಹೊರಗಿನವರಿಗೆ ಕಾಣುವುದಿಲ್ಲ. ಮಾರುವುದಾದರೆ ಕೈಯನ್ನು ಹೊರಕ್ಕೆ ಬೀಸಬೇಕು. ಮಾಡುವುದಾದರೆ ಮುಷ್ಟಿ ಹಿಡಿದು ಎದೆಗೆ ತರಬೇಕು. ಕಲಾವಿದ ಮುಖವನ್ನು ದೊಡ್ಡದು ಮಾಡಲು ಕೈಯನ್ನು ಕತ್ತರಿಸಿಬಿಟ್ಟಿದ್ದ.

ಮನೆ ಮಾರೋಣ ಅಲ್ಲ. ಮನೆ ಮಾಡೋಣ.

ಒಂದು ಕ್ಷಣ ನನಗೆ ಸಮಾಧಾನವಾಯಿತು. ಆಮೇಲೆ ಆ ಎರಡನೆಯ ಮಾತಿನ ಅರ್ಥ ಹೊಳೆದು, ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ.

"ಮನೆ ಮಾಡೋದು ಅಂದ್ರೆ?"

"ಮನೆ ಮಾಡೋದು ಅಂದ್ರೆ ಮನೆ ಮಾಡೋದು. ಎಂ.ಎ. ಓದಿರೋಳಿಗೆ ಬಿಡಿಸಿ ಹೇಳ್ಬೇಕಾ?"

"ಮೇಸ್ತ್ರಿ ಜೊತೆನಾ?"

"ಇಲ್ಲ, ನೀರು ಬಿಡೋನ ಜೊತೆ."

ನಾನು ನಗಲಿಲ್ಲ. ಅವಳೂ ನಗಲಿಲ್ಲ. ಸೆರಗಿನ ದಾರವನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು. ಮೇಸ್ತ್ರಿಗೆ ಕಿವಿ ಪೂರ್ತಿ ಹೋಗಿದೆ. ಇಷ್ಟು ವರ್ಷ ಮಗ್ಗಗಳ ಹೊಟ್ಟೆಯೊಳಗೆ ತಲೆ ಇಟ್ಟು ಕೆಲಸ ಮಾಡಿದ ಫಲ. ಹೆಂಡತಿ ಹೋದಮೇಲೆ ಮೇಲಿನ ಮನೆಯಲ್ಲಿ ಒಬ್ಬರೇ. ಕೆಳಗೆ ತಮ್ಮನ ಸಂಸಾರ. ಒಳ್ಳೆಯವರೇ, ಆದರೆ ಯಾರಿಗೂ ಬಾಯಿಮಾತು ಬರುವುದಿಲ್ಲ. ಕೂಗಿ ಕೂಗಿ ಸಾಕಾಗಿ ಈಗ ಕೈಸನ್ನೆಯಲ್ಲಿ ಊಟಕ್ಕೆ ಮಾತ್ರ ಕರೆಯುತ್ತಾರೆ.

"ಅವನಿಗೆ ಮಾತು ಅಂತ ಇರೋದು ನಾನು ಟೆರೇಸಿಗೆ ಬಟ್ಟೆ ಒಣಗಿಸೋಕೆ ಹೋದಾಗ," ಎಂದಳು. "ನಂಗೂ ಅಷ್ಟೇ ಅನ್ಕೋ."

ಗಂಟಲ ಮಾತಿನಲ್ಲಿ ಅವಳು ಮೇಸ್ತ್ರಿಯನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಬಾಯಿಮಾತಿನ ಏಕವಚನಕ್ಕೆ ಏನೂ ಅರ್ಥವಿಲ್ಲ. ಇದಕ್ಕೆ ಇತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ನಂಗೆ ಏನೇನು ಹೇಳಿದೀಯ ಹೇಳು. ಹಳೇ ಆಫೀಸ್ ಬಿಟ್ಟು ಹೊಸದು ಸೇರಿದ್ದು ನಂಗೆ ಗೊತ್ತಾಗಿದ್ದು ನೀನು ಊಟದ ಡಬ್ಬೀನ ಬೇರೆ ಟೈಮಿಗೆ ಕೇಳಿದಾಗ."

ಅದು ನಿಜ. ನಾನು ಹಾಗೇ ಇರುವವಳು. ಆದರೆ ಆಫೀಸು ಬದಲಾಯಿಸುವುದೂ ಇದೂ ಒಂದೇ ಅಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಬದಲಿಗೆ, "ಗಲ್ಲೀಲಿ ಯಾರಿಗೆ ಗೊತ್ತು?" ಎಂದು ಕೇಳಿದೆ.

"ಮಾತಾಡ್ತೀವಿ ಅನ್ನೋದು ಎಲ್ಲರಿಗೂ ಗೊತ್ತು. ಕಣ್ಣಿಲ್ವಾ ಅವರಿಗೆ? ಪಕ್ಕದ ಮನೆಯವಳಂತೂ ನಡುನಡುವೆ ಅವಳದೂ ಒಂದು ಸೇರಿಸ್ತಾಳೆ. ಆದ್ರೆ ಈ ಮಾತು ಗೊತ್ತಿಲ್ಲ. ಇದನ್ನ ಆಡಿದ್ದು ಮಧ್ಯಾಹ್ನ, ಎಲ್ಲಾ ಸೀರಿಯಲ್ ಮುಂದೆ ಕೂತಿದ್ದಾಗ. ನೋಡ್ಕೊಂಡೇ ಆಡಿದ್ದು."

"ಭಾನುವಾರ ಎಲ್ಲರೂ ನೋಡ್ತಾರೆ."

"ಹೂಂ," ಎಂದಳು. ಆಮೇಲೆ ಅವಳ ಮುಖದಲ್ಲಿ ಏನೋ ಬದಲಾಯಿತು. "ಬರೀ ಮುಖ ಅಂದ್ಯಲ್ಲ. ಕೈ ಕಾಣಲ್ವಾ?"

"ಕಾಣಲ್ಲ."

"ಹಂಗಾದ್ರೆ ಅವರೂ ನಿನ್ನ ಥರಾನೇ ಓದ್ಕೋತಾರೆ."

ಈ ಸಲ ಮೈ ತಣ್ಣಗಾದದ್ದು ಅವಳಿಗೆ. ಚಾಪೆಯಿಂದ ಎದ್ದಳು, ಅಡುಗೆಮನೆಗೆ ಹೋದಳು, ಏನೂ ತರದೆ ವಾಪಸು ಬಂದಳು. ಗಲ್ಲಿಗೆಲ್ಲ ಮಾರಬೇಡಿ ಎಂದು ಹೇಳಿ ತಾನು ಗುಟ್ಟಾಗಿ ಮಾರಲು ಹೊರಟವಳು, ಅದೂ ಮಗಳಿಗೆ ಹೇಳದೆ. ಭಾನುವಾರ ಅವರು ಓದಿಕೊಳ್ಳುವುದು ಅದನ್ನೇ. ಓದಿದ ಮರುದಿನ ಇನ್ನೊಬ್ಬರು ಕೊಳ್ಳುವವರಿಗೆ ಫೋನು ಮಾಡುತ್ತಾರೆ, ನಾನೊಬ್ಬಳೇ ಯಾಕೆ ಸುಮ್ಮನಿರಲಿ ಎಂದು. ಒಂದು ಗೋಡೆ ಹೋದರೆ ಸಾಲೇ ಹೋಯಿತು.

"ತೆಗೆಸಿಬಿಡ್ತೀನಿ," ಎಂದೆ. "ಇವತ್ತು ಕೇಳಿದೆ. ನಾಳೆ ಹೋಗಿ ಜಗಳ ಮಾಡ್ತೀನಿ."

"ನೀನು? ಜಗಳ?" ಎಂದಳು. ಆಮೇಲೆ, "ತೆಗೆದ್ರೆ ಯಾಕೆ ತೆಗೆದ್ರು ಅಂತ ಕೇಳ್ತಾರೆ. ನಿಮ್ಮ ಪಕ್ಕದ ಮನೆ ಆಂಟಿ ಗೋಡೆ ಮೇಲೆ ಬರ್ತಾರೆ ಅಂತ ಆ ಹುಡುಗ ಆಗ್ಲೇ ಎಲ್ಲರ ಹತ್ರ ಹೇಳ್ಕೊಂಡು ಬಂದಿದಾನಂತೆ. ಪಕ್ಕದ ಮನೆಯವಳು ಬಂದು ಹೇಳಿದಾಗ ನಾನು, ಮುಂದಿನ ಬೀದಿ ಆಂಟಿ ಯಾರೋ ಇರ್ಬೇಕು ಅನ್ಕೊಂಡಿದ್ದೆ."

ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಬಚ್ಚಲ ಬಾಗಿಲಿಗೆ ಬಂದು ನಿಂತಳು. ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತಿತ್ತು. "ತೆಗೆಸ್ಬೇಡ," ಎಂದಳು. "ಕೈ ಹಾಕ್ಸು."

ನನ್ನ ಬಾಯಿ ತುಂಬ ನೊರೆಯಿತ್ತು. ನಾನು ಬಾಯಿಮಾತಿನಲ್ಲಿ ಹೇಳಿದೆ, "ಎಲ್ಲರಿಗೂ ಗೊತ್ತಾಗುತ್ತೆ."

"ಆಗ್ಲಿ."

"ನೈಟಿ ಪೂರ್ತಿ ಕಾಣುತ್ತೆ."

ಅದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು. "ಕಾಣ್ಲಿ. ಕಳ್ಳಿ ಅನ್ನಿಸ್ಕೊಳ್ಳೋದಕ್ಕಿಂತ ಹರಿದ ನೈಟಿ ವಾಸಿ."

ಹೀಗೆ ಅಮ್ಮನ ಮದುವೆಯ ಸುದ್ದಿಯನ್ನು ಗಲ್ಲಿಗೆ ಹೇಳುವ ಕೆಲಸ ಅಮ್ಮನ ಕೈಯದಾಯಿತು. ಆ ಕೈಯನ್ನು ವಾಪಸು ತರಿಸುವ ಕೆಲಸ ನನ್ನದಾಯಿತು. ಕಲಾವಿದ ಕಂಪ್ಯೂಟರ್ ಮುಂದೆ ತಲೆ ಹಿಡಿದುಕೊಂಡು ಕೂತ. ಮುಖ ಚಿಕ್ಕದಾದರೆ ಭಾವವೇ ಹೋಗುತ್ತದೆ, ಹಿಂದೆ ನೀರಿನ ಟ್ಯಾಂಕು ಬರುತ್ತದೆ, ಹಗ್ಗದ ಮೇಲೆ ಪೆಟಿಕೋಟು ಬರುತ್ತದೆ, ಹೆಸರೇ ಮೌನ ಎಂದಿಟ್ಟಿದ್ದೇನೆ ಎಂದೆಲ್ಲ ಗೋಳಾಡಿದ. ನಾನು ಎಲ್ಲವನ್ನೂ ಕೇಳಿ, "ಕೈ ಬೇಕು," ಎಂದೆ. ಅವನು, "ಕೈಯಲ್ಲಿ ಅಂಥಾದ್ದೇನಿದೆ, ಅದನ್ನಾದ್ರೂ ಹೇಳಿ," ಎಂದ. ಹೊರಗಿನವರ ಎದುರು ಮನೆಯ ಒಂದು ವಿಷಯವನ್ನೂ ಆಡಿದವಳಲ್ಲ ನಾನು. ಆ ಹಳೆಯ ಶೆಡ್ಡಿನಲ್ಲಿ ನಿಂತು, ಹೆಸರು ಮಾತ್ರ ಗೊತ್ತಿರುವ ಒಬ್ಬನಿಗೆ, "ನಮ್ಮಮ್ಮ ಅಲ್ಲಿ ಮದುವೆ ಆಗೋಣ ಅಂತಿದಾರೆ," ಎಂದು ಹೇಳಬೇಕಾಯಿತು. ಅವನು ಅಕ್ಷರ ಹಾಕುವ ಮಾತು ಮತ್ತೆ ಎತ್ತಲಿಲ್ಲ. ಮೌಸ್ ಹಿಡಿದು ಅಮ್ಮನನ್ನು ಸ್ವಲ್ಪ ಸ್ವಲ್ಪವಾಗಿ ದೂರ ತಳ್ಳಿದ. ಮೊದಲು ಹೆಗಲು ಬಂತು, ಟವೆಲ್ ಬಂತು, ಆಮೇಲೆ ಆ ಮುಷ್ಟಿ.

ಭಾನುವಾರ ಎಲ್ಲರೂ ಬಂದರು. ಪಕ್ಕದ ಮನೆ ಆಂಟಿ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಅಮ್ಮ ರೇಷ್ಮೆ ಸೀರೆ ಉಟ್ಟು ಕಂಬಕ್ಕೆ ಒರಗಿ ನಿಂತಿದ್ದಳು, ತನ್ನ ಹಳೆಯ ಮಗ್ಗ ಇದ್ದ ಜಾಗದಲ್ಲೇ. ನೀರಿನವನಿಗೆ ಬೈದ ಕೂಡಲೇ ಇಡೀ ಶೆಡ್ಡು ನಕ್ಕಿತು. ಹಿಂದೆ ನಿಂತಿದ್ದ ಕಲಾವಿದನ ಗೆಳೆಯರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರಿಯಾಗಿ ಹೇಳಿದೆ ಕಣೇ!" ಎಂದು ಯಾರೋ ಕೂಗಿದರು. ಆಮೇಲೆ ಆ ಮಾತು ಬಂತು, ಮುಷ್ಟಿ ಎದೆಗೆ ಬಂತು. ನಗು ನಡುವೆಯೇ ನಿಂತುಹೋಯಿತು. ನಾನು ನೆಲದ ಮೇಲೆ ಹರಿಯುತ್ತಿದ್ದ ನೀರನ್ನೇ ನೋಡುತ್ತಿದ್ದೆ.

"ಎಲಾ ಇವಳಾ!" ಪಕ್ಕದ ಮನೆ ಆಂಟಿಯ ಗಂಟಲು. "ನಾನು ಸೀರಿಯಲ್ ನೋಡ್ತಿದ್ದಾಗ ಇಷ್ಟೆಲ್ಲಾ ನಡ್ಸಿದಾಳೆ! ಹೊರಗೇ ಒಳ್ಳೇ ಸೀರಿಯಲ್ ಇತ್ತಲ್ರೇ!"

ಮತ್ತೆ ಎದ್ದ ನಗುವಿನಲ್ಲಿ ಬೈಗುಳವೂ ಇತ್ತು. ವಯಸ್ಸಾದವರೊಬ್ಬರು ಎದ್ದು, ಕಾಫಿ ಕುಡಿಯದೆ ಹೊರಟುಹೋದರು. ಅವರು ಬಾಗಿಲು ದಾಟುವವರೆಗೂ ಅಮ್ಮ ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡಳು.

ಮೇಸ್ತ್ರಿಯೂ ಬಂದಿದ್ದರು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು. ಗದ್ದಲ ಅವರಿಗೆ ಕೇಳಿಸುತ್ತಿರಲಿಲ್ಲ. ಗೋಡೆಯ ಮೇಲಿನ ತಮ್ಮ ಮುಖವನ್ನು ಕೆಟ್ಟ ಮಗ್ಗವನ್ನು ನೋಡುವಂತೆ ನೋಡಿ, ತಮ್ಮ ದನಿಯ ಅಳತೆ ತಮಗೆ ತಿಳಿಯದೆ, ಶೆಡ್ಡು ತುಂಬ ಕೇಳುವಂತೆ, "ನನ್ ಹಲ್ಲು ಇಷ್ಟೊಂದು ಹಳದೀನಾ?" ಎಂದರು. ಎದ್ದುಹೋದವರನ್ನು ಬಿಟ್ಟು ಉಳಿದವರೆಲ್ಲ ಮತ್ತೆ ನಕ್ಕರು.

ಅವರು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ಬಾಯಿಮಾತಿನಲ್ಲಿ ಕೇಳಿದರು: "ನಿಂಗೆ ಬೇಜಾರಾ?"

ಗಂಟಲಿನಲ್ಲಿ ಉತ್ತರಿಸಿದರೆ ಅವರಿಗೆ ಕೇಳುವುದಿಲ್ಲ, ಹೊರಗಿನವರೆಲ್ಲ ಕೇಳುತ್ತಾರೆ. ಬಾಯಿಮಾತಿನಲ್ಲಾದರೆ ಇಡೀ ಗಲ್ಲಿ ಓದುತ್ತದೆ. ಆಗಲೇ ಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದ್ದವು. ಮರೆ ಎನ್ನುವುದೇ ಅಲ್ಲಿರಲಿಲ್ಲ. ಹುಟ್ಟಿದಾಗಿನಿಂದ ನೀವು ಎಂದು ಕರೆದವರಿಗೆ ನಾನು ಹೇಳಿದೆ, ಬೇರೆ ದಾರಿಯಿಲ್ಲದೆ ಏಕವಚನದಲ್ಲಿ: "ಬೇಜಾರಲ್ಲ. ಗಾಬರಿ. ಇನ್ನೂ ಇಳಿದಿಲ್ಲ. ಸ್ವಲ್ಪ ಟೈಮ್ ಕೊಡು."

"ತಗೋ," ಎಂದರು. "ದೀಪಾವಳಿ ತನಕ."

ದೀಪಾವಳಿಯಾಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿಗೆ ಪಕ್ಕದ ಮನೆ ಆಂಟಿ ಸಹಿ ಹಾಕಿದರು, ನಾನೂ ಹಾಕಿದೆ. ಅಮ್ಮ ಎರಡು ಟ್ರಂಕು, ಕುಚ್ಚಿನ ದಾರದ ಚೀಲ ಹೊತ್ತುಕೊಂಡು ಆಟೋದಲ್ಲಿ ಸೇತುವೆ ಸುತ್ತಿ ಮೋರಿಯಾಚೆಗೆ ಹೋದಳು. ಕಾಣುವಷ್ಟು ಹತ್ತಿರ, ಕೂಗಿದರೆ ಕೇಳದಷ್ಟು ದೂರ. ಮನೆ ಕೊಳ್ಳುವವರು ಮತ್ತೊಮ್ಮೆ ಬಂದು, ಈಗಂತೂ ಒಬ್ಬರೇ ಇದೀರಲ್ಲ ಮೇಡಂ ಎಂದಾಗ ಬಾಗಿಲಲ್ಲೇ ನಿಲ್ಲಿಸಿ ಇಲ್ಲ ಎಂದೆ. ಆ ಮಾತನ್ನು ಆಡುವಾಗ ನನ್ನ ಕೈ ಮುಷ್ಟಿಯಾಯಿತೋ ಇಲ್ಲವೋ, ನಾನು ನೋಡಿಕೊಳ್ಳಲಿಲ್ಲ.

ಗಾಬರಿ ಮಾತ್ರ ಅವರು ಕೊಟ್ಟ ಗಡುವಿಗೆ ಇಳಿಯಲಿಲ್ಲ. ಈಗ ದಿನಾ ಬೆಳಿಗ್ಗೆ ಟೆರೇಸಿಗೆ ಹೋಗುತ್ತೇನೆ, ಬಟ್ಟೆ ಇರಲಿ ಇಲ್ಲದಿರಲಿ. ಆಚೆ ದಂಡೆಯಲ್ಲಿ ಅಮ್ಮ ಹೊಸ ನೈಟಿಯಲ್ಲಿ ನಿಂತಿರುತ್ತಾಳೆ. ಪಕ್ಕದಲ್ಲಿ ಮೇಸ್ತ್ರಿ ಕಾಫಿ ಲೋಟ ಹಿಡಿದಿರುತ್ತಾರೆ. ಅಷ್ಟು ದೂರದಿಂದ ಅವಳು ನನ್ನ ಅಮ್ಮನಂತೆಯೂ ಕಾಣುತ್ತಾಳೆ, ಯಾರದೋ ಮನೆಯವಳಂತೆಯೂ ಕಾಣುತ್ತಾಳೆ. ಪ್ರತಿ ಸಲ ನನಗೆ ಒಂದು ಕ್ಷಣ ಉಸಿರು ಸಿಕ್ಕಿಕೊಳ್ಳುತ್ತದೆ. ಆಮೇಲೆ ಅವಳ ತುಟಿ ಆಡುತ್ತದೆ.

"ತಿಂಡಿ ಏನು ಮಾಡ್ದೆ?"

"ಉಪ್ಪಿಟ್ಟು," ಎಂದೆ ನಿನ್ನೆ.

ಪಕ್ಕದ ಟೆರೇಸಿನಲ್ಲಿ ಹಪ್ಪಳ ಹರಡುತ್ತಿದ್ದ ಆಂಟಿ ಸೊಂಟ ನೆಟ್ಟಗೆ ಮಾಡಿ, ನನ್ನನ್ನು ದಾಟಿ, ಮೋರಿಯನ್ನು ದಾಟಿ ಅಮ್ಮನಿಗೆ ಬಾಯಿಮಾತಿನಲ್ಲಿ ಹೇಳಿದರು: "ಸುಳ್ಳು. ಗೋಡೆಯಲ್ಲಿ ಒಗ್ಗರಣೆ ಸದ್ದೇ ಬಂದಿಲ್ಲ. ಬ್ರೆಡ್ ತಿಂದು ಬಂದಿದಾಳೆ."